ಕಣ್ಣಿನ ಕೆಳಗಿನ ಅರ್ಧ ಮಿಲಿಮೀಟರ್

ನನ್ನ ಅಕ್ಕ ನಿವೃತ್ತಿಯಾದ ಮೇಲೆ ಕಣ್ಣಿನ ಕೆಳಗಿನ ಸುಕ್ಕಿಗೆ ಲೇಸರ್ ಮಾಡಿಸಿಕೊಂಡಳು. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ. ಆದ್ರೆ ಚೆನ್ನಾಗಾಗಿದ್ದನ್ನ ಮಾತ್ರ ಬರೀಬೇಡ, ಮುಖ ಊದಿಕೊಂಡಿದ್ದನ್ನೂ ಬರಿ" ಅಂದಳು. ಎರಡನ್ನೂ ಬರೆಯುತ್ತೇನೆ.

ಅಕ್ಕ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದಳು. ಹಳ್ಳಿಯವರ ಬಾಯಲ್ಲಿ ಸಿಸ್ಟರ್. ನಮ್ಮದು ಹಾಸನದ ಕಡೆ. ಅವಳಿಗೆ ಕೆಲಸ ಸಿಕ್ಕಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲೇ ಸರ್ವಿಸಿನ ಬಹುಪಾಲು ಕಳೆಯಿತು. ಭುಜಕ್ಕೆ ಲಸಿಕೆ ಡಬ್ಬಿ, ಕೈಯಲ್ಲಿ ರಿಜಿಸ್ಟರು, ತಲೆ ಮೇಲೆ ಸೆರಗು. ಮೊದಲು ನಡಿಗೆ, ಆಮೇಲೆ ಮೊಪೆಡ್ಡು. ಬೆಳಗ್ಗೆ ಉಪಕೇಂದ್ರ ಬಿಟ್ಟರೆ ಬಾಣಂತಿಯರ ಮನೆ, ಅಂಗನವಾಡಿ, ಶಾಲೆ ಎಲ್ಲ ಸುತ್ತಿ ಬರುವಾಗ ಸೂರ್ಯ ನೆತ್ತಿಯಿಂದ ಇಳಿದಿರುತ್ತಿದ್ದ. ಆ ಬಿಸಿಲು ಗೊತ್ತಿದ್ದವರಿಗೆ ಗೊತ್ತು. ಬೇಸಿಗೆಯ ನಡುಹಗಲಲ್ಲಿ ನಮ್ಮ ರಾಜ್ಯದಲ್ಲಿ ಯುವಿ ಸೂಚ್ಯಂಕ, ಅಂದರೆ ಬಿಸಿಲಿನ ಅತಿನೇರಳೆ ಕಿರಣದ ಜೋರು ಅಳೆಯುವ ಲೆಕ್ಕ, 11 ಮುಟ್ಟುವುದು ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 11ರಿಂದ ಮೇಲೆ ಅಂದರೆ ಅದಕ್ಕಿಂತ ಮೇಲಿನ ಮೆಟ್ಟಿಲೇ ಇಲ್ಲ.

ಆ ಬೆಳಕಿನಲ್ಲಿ ಯಾರೂ ಕಣ್ಣು ಪೂರ್ತಿ ಬಿಟ್ಟು ನೋಡುವುದಿಲ್ಲ. ಕಣ್ಣು ಕಿರಿದಾಗುತ್ತದೆ, ಕೆನ್ನೆ ಮೇಲೇರುತ್ತದೆ, ಕಣ್ಣಿನ ಕೆಳಗೆ ಚರ್ಮ ಮಡಚಿಕೊಳ್ಳುತ್ತದೆ. ದಿನಕ್ಕೆ ಅದೆಷ್ಟು ಸಲವೋ. ವರ್ಷಗಟ್ಟಲೆ ಹಾಗೆ ಮಡಚಿದ ಜಾಗದಲ್ಲಿ ಗೆರೆ ನಿಲ್ಲುತ್ತದೆ. ಅಕ್ಕನ ಗೆರೆಗಳು ವಯಸ್ಸಿನವು ಅನ್ನುವುದಕ್ಕಿಂತ ಕೆಲಸದವು ಅಂತ ನನಗೆ ಯಾವತ್ತೂ ಅನಿಸಿದೆ.

ಅವಳಿಗೆ ಬೇಸರ ತಂದಿದ್ದು ಗೆರೆಗಳಲ್ಲ, ಜನರ ಪ್ರಶ್ನೆ. "ಯಾಕೆ ಸಿಸ್ಟರ್, ಸುಸ್ತಾಗಿದೀರಾ? ರಾತ್ರಿ ನಿದ್ದೆ ಇಲ್ವಾ?" ಎದುರಿಗೆ ಸಿಕ್ಕವರೆಲ್ಲ ಅದನ್ನೇ ಕೇಳುತ್ತಿದ್ದರು. ಬೀಳ್ಕೊಡುಗೆಯ ದಿನದ ಫೋಟೋ ನೋಡಿ ಅವಳೇ ಹೇಳಿದಳು, "ನಂಗೆ ಸುಸ್ತಾಗಿಲ್ಲ ಕಣೇ. ಮುಖ ಮಾತ್ರ ಸುಸ್ತಾದ ಹಾಗೆ ಕಾಣುತ್ತೆ."

ಲೇಸರ್ ವಿಷಯ ಎತ್ತಿದಾಗ ಮನೆಯಲ್ಲಿ ಯಾರಿಗೂ ಸರಿಬರಲಿಲ್ಲ. "ಅರವತ್ತಾದ ಮೇಲೆ ಯಾರಿಗೆ ತೋರಿಸೋಕೆ?" ಅಂದರು ನಮ್ಮ ಚಿಕ್ಕಪ್ಪ. ಅವರು ಮೀಸೆಗೆ ಬಣ್ಣ ಹಾಕುತ್ತಾರೆ. ಅದನ್ನು ನಾವು ಯಾರೂ ಇವತ್ತಿನ ತನಕ ಪ್ರಶ್ನೆ ಮಾಡಿಲ್ಲ, ಮಾಡಬೇಕಾಗಿಯೂ ಇಲ್ಲ. ಹಲ್ಲಿನ ಸೆಟ್ ಕಟ್ಟಿಸಿಕೊಂಡರೆ, ಕೂದಲಿಗೆ ಮೆಹಂದಿ ಹಚ್ಚಿದರೆ ಸರಿ. ಕಣ್ಣಿನ ಕೆಳಗೆ ಕೈಹಾಕಿದರೆ ಮಾತ್ರ ಅದು ಶೋಕಿ. ಈ ವ್ಯತ್ಯಾಸ ನನಗೆ ಅರ್ಥವಾಗುವುದಿಲ್ಲ. ತನ್ನ ದುಡಿಮೆಯ ದುಡ್ಡಿನಲ್ಲಿ, ಬಿಸಿಲು ತನ್ನ ಮುಖದ ಮೇಲೆ ಮಾಡಿದ್ದನ್ನು ಸ್ವಲ್ಪ ತಿಳಿಮಾಡಿಕೊಳ್ಳುತ್ತೇನೆ ಅನ್ನುವ ಹೆಂಗಸಿನ ಪರವಾಗಿ ನಾನು ಇದ್ದೇನೆ. ನನಗೆ ಇದ್ದ ಚಿಂತೆ ಬೇರೆ. ನಮ್ಮ ಬಣ್ಣದ ಚರ್ಮಕ್ಕೆ, ಅದರಲ್ಲೂ ಕಣ್ಣಿನ ಅಂಚಿಗೆ, ಈ ಲೇಸರ್ ಏನು ಮಾಡುತ್ತದೆ ಅನ್ನುವುದು.

ಕಣ್ಣಿನ ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು. ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಕೆಳಗೆ ಕೊಬ್ಬಿನ ಹಾಸು ಇಲ್ಲವೇ ಇಲ್ಲ ಅನ್ನಬಹುದು. ಚರ್ಮ ಬಿಟ್ಟರೆ ನೇರ ಸ್ನಾಯು, ಕಣ್ಣನ್ನು ಸುತ್ತುವರಿದ ಸ್ನಾಯು. ಎಣ್ಣೆ ಸುರಿಸುವ ಗ್ರಂಥಿಗಳೂ ಅಲ್ಲಿ ಕಡಿಮೆ, ಹಾಗಾಗಿ ಬೇಗ ಒಣಗುತ್ತದೆ. ಮುಖದ ಬೇರೆ ಕಡೆಗಿಂತ ಮೊದಲು ಅಲ್ಲಿ ಗೆರೆ ಕಾಣುವುದು ಇದಕ್ಕೇ. ಅಲ್ಲಿ ಕೈತಪ್ಪಿದರೆ ಆಗುವ ತೊಂದರೆಯೂ ಬೇರೆ ಕಡೆಗಿಂತ ದೊಡ್ಡದು.

ಮೊದಲು ಹೋದ ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಅಂಥವು ಊರಿಗೆ ಹತ್ತಿವೆ. ಎಸಿ ಹಾಲ್, ಗೋಡೆ ತುಂಬ ಮೊದಲು-ಆಮೇಲೆ ಫೋಟೋಗಳು. ಫೋಟೋಗಳಲ್ಲಿ ಇದ್ದವರೆಲ್ಲ ಬಿಳಿಯರು. ಡಾಕ್ಟರಿಗಿಂತ ಮುಂಚೆ ಒಬ್ಬ ಹುಡುಗಿ ಬಂದು ಪ್ಯಾಕೇಜ್ ವಿವರಿಸಿದಳು. ಅಕ್ಕನ ಮುಖವನ್ನು ದೀಪದ ಕೆಳಗೆ ಒಮ್ಮೆಯೂ ನೋಡಲಿಲ್ಲ. "ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ ಆಂಟಿ, ಇವತ್ತೇ ಮೊದಲ ಸಿಟ್ಟಿಂಗ್ ಮುಗಿಸಿಬಿಡಬಹುದು" ಅಂದಳು. ಅದು ಏಪ್ರಿಲ್ ತಿಂಗಳು. ಲೇಸರ್ ಯಾರು ಮಾಡ್ತಾರೆ ಅಂತ ಅಕ್ಕ ಕೇಳಿದಳು. "ನಮ್ಮ ಟ್ರೈನ್ಡ್ ಸ್ಟಾಫ್." ಅಕ್ಕ ಪರ್ಸ್ ತೆಗೆದುಕೊಂಡು ಎದ್ದಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಜೀವನ ಕಳೆದವಳಿಗೆ, ಯಾರ ಕೈಯಲ್ಲಿ ಏನಿರಬೇಕು ಅನ್ನುವುದು ಚೆನ್ನಾಗಿ ಗೊತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಚರ್ಮದ ಡಾಕ್ಟರ್ ಅಂದರೆ ಎಂಬಿಬಿಎಸ್ ಆದಮೇಲೆ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಓದಿದವರು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಅವರ ಚೀಟಿಯಲ್ಲೇ ಇರುತ್ತದೆ. ಖಾಸಗಿ ಕ್ಲಿನಿಕ್ ಆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಆಗಿರಬೇಕು, ಆ ಸರ್ಟಿಫಿಕೇಟು ಕಾಣುವಂತೆ ತೂಗುಹಾಕಿರಬೇಕು. ಕೇಳಲು ಸಂಕೋಚ ಬೇಡ. ಕಣ್ಣಿನ ಪಕ್ಕದಲ್ಲಿ ಚರ್ಮ ಸುಡುವ ಉಪಕರಣ ಹಿಡಿಯುವವರು ಯಾರು ಅಂತ ಕೇಳುವುದು ಅವಮಾನ ಮಾಡಿದ ಹಾಗಲ್ಲ.

ಎರಡನೆಯ ಡಾಕ್ಟರ್ ಸಿಕ್ಕಿದ್ದು ಅಕ್ಕನ ಹಳೆಯ ಸಹೋದ್ಯೋಗಿಯೊಬ್ಬರಿಂದ. ಸಣ್ಣ ಕ್ಲಿನಿಕ್, ಮರದ ಬೆಂಚು, ಹೊರಗೆ ಚಪ್ಪಲಿ. ತೊನ್ನು, ಇಸುಬು, ಹುಳುಕಡ್ಡಿ ಅಂತ ಬಂದವರ ಜೊತೆಯಲ್ಲೇ ನಾವೂ ಕಾದೆವು. ಡಾಕ್ಟರ್ ಮಾತಿಗಿಂತ ಮೊದಲು ಅಕ್ಕನ ಕೈಗೆ ಕನ್ನಡಿ ಕೊಟ್ಟರು. "ನಗಿ" ಅಂದರು. ನಕ್ಕಳು. "ಈಗ ಸುಮ್ನಿರಿ." ಸುಮ್ಮನಾದಳು. ನಕ್ಕಾಗ ಮಾತ್ರ ಬರುವ ಗೆರೆ ಬೇರೆ, ಸುಮ್ಮನಿದ್ದಾಗಲೂ ಉಳಿಯುವ ಗೆರೆ ಬೇರೆ ಅಂತ ತೋರಿಸಿದರು. ಮೊದಲನೆಯದು ಸ್ನಾಯುವಿನ ಕೆಲಸ. ಅದಕ್ಕೆ ಸ್ನಾಯು ಸಡಿಲಿಸುವ ಬೊಟೊಕ್ಸ್ ಇಂಜೆಕ್ಷನ್ ಕೊಡುವುದುಂಟು. ಎರಡನೆಯದು ಚರ್ಮದ್ದೇ ಸವೆತ. ಲೇಸರ್ ಕೆಲಸ ಮಾಡುವುದು ಇದರ ಮೇಲೆ.

ಆಮೇಲೆ ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರು. ಕಪ್ಪು ಹಾಗೇ ಉಳಿಯಿತು. ಅದು ಬಣ್ಣ, ನೆರಳಲ್ಲ. ಮುಖ ಮೇಲೆತ್ತಿಸಿ ಟಾರ್ಚ್ ಬಿಟ್ಟರು. ಕಣ್ಣಿನ ಕೆಳಗೆ ತಗ್ಗು ಇದ್ದರೆ ನೆರಳು ಆಗ ಮಾಯವಾಗುತ್ತದಂತೆ. ಅಕ್ಕನಿಗೆ ತಗ್ಗು ಸ್ವಲ್ಪವೇ ಇತ್ತು. ಕೆಲವರಿಗೆ ಅಲ್ಲಿ ಕೊಬ್ಬು ಉಬ್ಬಿ ಚೀಲದ ಹಾಗೆ ಕಾಣುತ್ತದೆ. ಅದು ಲೇಸರಿಗೆ ಹೋಗುವುದಿಲ್ಲ, ಬೇಕಾದರೆ ಆಪರೇಷನ್ನೇ ಆಗಬೇಕು. ನಾವು ಸುಕ್ಕು, ಡಾರ್ಕ್ ಸರ್ಕಲ್, ತಗ್ಗು, ಉಬ್ಬು ಎಲ್ಲವನ್ನೂ ಸೇರಿಸಿ 'ಕಣ್ಣಿನ ಕೆಳಗೆ ಚೆನ್ನಾಗಿಲ್ಲ' ಅಂದುಬಿಡುತ್ತೇವೆ. ಒಂದೊಂದಕ್ಕೂ ಕಾರಣ ಬೇರೆ, ಮದ್ದು ಬೇರೆ. ಎಲ್ಲಕ್ಕೂ ಒಂದೇ ಲೇಸರ್ ಅಂತ ಯಾರಾದರೂ ಹೇಳಿದರೆ ಅವರು ನಿಮ್ಮ ಮುಖ ನೋಡಿಲ್ಲ ಅಂತಲೇ ಅರ್ಥ.

ಕೊನೆಗೆ ಅಕ್ಕನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದು ಬಿಟ್ಟರು. ಎಷ್ಟು ಬೇಗ ವಾಪಸ್ ಹೋಗುತ್ತದೆ ಅಂತ ನೋಡುವುದಕ್ಕೆ. ರೆಪ್ಪೆ ಸಡಿಲವಾಗಿದ್ದರೆ ಲೇಸರ್ ಆದಮೇಲೆ ಚರ್ಮ ಬಿಗಿದು ರೆಪ್ಪೆ ಹೊರಕ್ಕೆ ಮಗುಚಿಕೊಳ್ಳಬಹುದು. ಆಗ ಕಣ್ಣು ಸರಿಯಾಗಿ ಮುಚ್ಚುವುದಿಲ್ಲ, ಸದಾ ನೀರು ಸುರಿಯುತ್ತದೆ. ಅಲ್ಲಿ ಮೊದಲೇ ಆಪರೇಷನ್ ಆದವರಿಗೆ ಈ ಅಪಾಯ ಇನ್ನೂ ಜಾಸ್ತಿ. ಕ್ಷಣದ ಪರೀಕ್ಷೆ ಇದು. ಮೊದಲ ಕ್ಲಿನಿಕ್ಕಿನಲ್ಲಿ ಇದರ ಮಾತೇ ಬಂದಿರಲಿಲ್ಲ.

ಲೇಸರ್ ಏನು ಮಾಡುತ್ತದೆ ಅಂತ ಅಕ್ಕ ಕೇಳಿದಳು. ಬೆಳಕು ಬಿಟ್ಟು ಗೆರೆ ಒರೆಸುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವಲ್ಲ, ಹಾಗೇನೂ ಇಲ್ಲ. ಡಾಕ್ಟರ್ ವಿವರಿಸಿದ್ದನ್ನು ಕೇಳಿ ಅಕ್ಕ ಒಂದೇ ಮಾತಿನಲ್ಲಿ ಹೇಳಿದಳು. "ಅಂದ್ರೆ ನೀವು ಬೇಕಂತಲೇ ಗಾಯ ಮಾಡ್ತೀರ. ಮೈ ಅದನ್ನ ವಾಸಿ ಮಾಡ್ಕೊಳ್ಳುತ್ತೆ. ಅಷ್ಟೇ ತಾನೇ ಡಾಕ್ಟ್ರೇ?" ಡಾಕ್ಟರ್ ನಕ್ಕು, "ಅಷ್ಟೇ ಸಿಸ್ಟರ್. ವಾಸಿಯಾಗೋದೇ ಟ್ರೀಟ್‌ಮೆಂಟು" ಅಂದರು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಇದರ ಬಗ್ಗೆ ಓದಲು ಶುರುಮಾಡಿದೆ. ಮೊದಲ ಲೇಸರ್ ಬೆಳಗಿದ್ದು 1960ರ ಮೇ 16ರಂದು, ಅಮೆರಿಕದ ಮಾಲಿಬುವಿನಲ್ಲಿ. ಮಾಡಿದವರು ಥಿಯೊಡರ್ ಮೇಮನ್. ಅದು ಮಾಣಿಕ್ಯದ ಕಡ್ಡಿಯಿಂದ ಬಂದ ಕೆಂಪು ಬೆಳಕು. ಸುಕ್ಕಿಗೆ ಬಳಸುವ ಮುಖ್ಯ ಲೇಸರ್ ಮಾತ್ರ ಕಾರ್ಬನ್ ಡೈಆಕ್ಸೈಡ್ ಅನಿಲದ್ದು. ಅದನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿ ತೋರಿಸಿದವರು ಕುಮಾರ್ ಪಟೇಲ್. ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ, ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ನಮ್ಮ ಪಕ್ಕದ ರಾಜ್ಯದ ಹುಡುಗ ಮಾಡಿದ ಬೆಳಕು ಇವತ್ತು ಊರೂರಿನ ಆಪರೇಷನ್ ಥಿಯೇಟರುಗಳಲ್ಲಿ ಇದೆ ಅಂತ ತಿಳಿದು ನನಗೆ ನಿಜವಾಗಿ ಖುಷಿಯಾಯಿತು. 1996ರಲ್ಲಿ ಅಮೆರಿಕ ಸರ್ಕಾರ ಅವರಿಗೆ ವಿಜ್ಞಾನದ ರಾಷ್ಟ್ರೀಯ ಪದಕ ಕೊಟ್ಟಿತು.

ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದರ ಅಲೆಯ ಉದ್ದ 10,600 ನ್ಯಾನೋಮೀಟರ್. ಆ ಅಲೆಯನ್ನು ನೀರು ಗಬಕ್ಕನೆ ಹೀರಿಕೊಳ್ಳುತ್ತದೆ. ನಮ್ಮ ಚರ್ಮದಲ್ಲಿ ಬಹುಪಾಲು ಇರುವುದು ನೀರೇ. ಲೇಸರ್ ತಾಗಿದ ಜಾಗದ ನೀರು ಕ್ಷಣದೊಳಗೆ ಆವಿಯಾಗುತ್ತದೆ, ಜೊತೆಗೆ ಅಲ್ಲಿನ ಚರ್ಮವೂ. ಅದರ ಸುತ್ತ ಕಾವು ಹರಡಿ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಒಳಗಿನ ಕೊಲಾಜೆನ್ ನಾರುಗಳು ಮುದುಡುತ್ತವೆ. ಮುಂದಿನ ಮೂರರಿಂದ ಆರು ತಿಂಗಳು ಚರ್ಮ ಒಳಗೊಳಗೇ ಹೊಸ ಕೊಲಾಜೆನ್ ಕಟ್ಟುತ್ತದೆ. ಗೆರೆ ತಿಳಿಯಾಗುವುದು ಈ ಕಟ್ಟುವಿಕೆಯಿಂದ. ಲೇಸರ್ ನಡೆಯುವುದು ಕೆಲವೇ ನಿಮಿಷ.

1990ರ ದಶಕದಲ್ಲಿ ಮುಖದ ಮೇಲ್ಪದರವನ್ನು ಪೂರ್ತಿಯಾಗಿ ತೆಗೆಯುತ್ತಿದ್ದರು. ಫಲ ಜೋರಾಗಿತ್ತು, ಬೆಲೆಯೂ ಜೋರಾಗಿತ್ತು. ಹೊಸ ಚರ್ಮ ಮುಚ್ಚಲು ಒಂದೆರಡು ವಾರ, ಕೆಂಪು ಇಳಿಯಲು ತಿಂಗಳುಗಳು. ಕೆಲವರಿಗೆ ಎಷ್ಟೋ ಕಾಲದ ಮೇಲೆ ಅಲ್ಲಲ್ಲಿ ಬಣ್ಣ ಹೋಗಿ ಬಿಳಿಚಿಕೊಳ್ಳುತ್ತಿತ್ತು. ನಮ್ಮಂಥ ಕಂದು ಚರ್ಮದವರಿಗೆ ಅದು ಆಗಿಬರುವಂಥದ್ದಾಗಿರಲಿಲ್ಲ. ಆಮೇಲೆ 2004ರಲ್ಲಿ ಬಾಸ್ಟನ್ನಿನಲ್ಲಿ ಡೀಟರ್ ಮಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ಮತ್ತು ಜೊತೆಗಾರರು ಬೇರೆ ದಾರಿ ತೋರಿಸಿದರು. ಪೂರ್ತಿ ಸುಡುವುದು ಬೇಡ. ಕೂದಲೆಳೆಗಿಂತ ಹೆಚ್ಚು ದಪ್ಪವಿಲ್ಲದ ಸಾವಿರಾರು ಚುಕ್ಕೆಗಳನ್ನಷ್ಟೇ ಸುಡೋಣ, ನಡುವಿನದನ್ನು ಬಿಟ್ಟುಬಿಡೋಣ. ಜರಡಿಯ ತೂತುಗಳ ಹಾಗೆ. ನಡುವೆ ಉಳಿದ ಒಳ್ಳೆಯ ಚರ್ಮ ಪಕ್ಕದ ಚುಕ್ಕೆಯನ್ನು ಬೇಗ ಮುಚ್ಚುತ್ತದೆ. ಇದೇ ಫ್ರಾಕ್ಷನಲ್ ಲೇಸರ್. ಮೊದಲು ಇದನ್ನು ಮೇಲ್ಪದರ ಆವಿಯಾಗದ ಸೌಮ್ಯ ಲೇಸರಿನಲ್ಲಿ ಮಾಡಿದರು, ಆಮೇಲೆ ಕಾರ್ಬನ್ ಡೈಆಕ್ಸೈಡ್ ಲೇಸರಿಗೂ ತಂದರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕ್ಲಿನಿಕ್ಕುಗಳಲ್ಲಿ 'ಸಿಒಟೂ' ಅಂದರೆ ಈಗ ಹೆಚ್ಚಾಗಿ ಇದೇ. ಎರ್ಬಿಯಂ ಯಾಗ್ ಅಂತ ಇನ್ನೊಂದಿದೆ, 2,940 ನ್ಯಾನೋಮೀಟರಿನದು. ಅದನ್ನು ನೀರು ಇನ್ನೂ ಎಷ್ಟೋ ಪಟ್ಟು ಜಾಸ್ತಿ ಹೀರುತ್ತದೆ. ಹಾಗಾಗಿ ತೆಳುವಾಗಿ ತೆಗೆಯುತ್ತದೆ, ಸುತ್ತ ಕಾವು ಕಡಿಮೆ. ಚರ್ಮ ಬಿಗಿಯುವುದೂ ಸ್ವಲ್ಪ ಕಡಿಮೆ.

ಇಷ್ಟೆಲ್ಲ ಆದರೂ ನಮ್ಮ ಡಾಕ್ಟರ್ ಅವತ್ತು ಲೇಸರ್ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದರು. "ಒಗ್ಗರಣೆ ಎಣ್ಣೆ ಹಾರಿ ಕೈ ಸುಟ್ಟರೆ ಕಲೆ ಎಷ್ಟು ದಿನ ಇರುತ್ತೆ ನಿಮಗೆ?" ಅಕ್ಕ ಮುಂಗೈ ಚಾಚಿದಳು. ಅಲ್ಲಿ ಹಿಂದಿನ ಹಬ್ಬದಲ್ಲಿ ಹೋಳಿಗೆ ಬೇಯಿಸುವಾಗ ಹೆಂಚು ತಾಗಿದ ಗುರುತು ಕಪ್ಪಾಗಿ ಹಾಗೇ ಇತ್ತು. ಡಾಕ್ಟರ್ ಅದನ್ನು ಬಹಳ ಹೊತ್ತು ನೋಡಿದರು. ನನಗೆ ಆ ಭೇಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದು.

ಯಾಕೆಂದರೆ ನಮ್ಮ ಚರ್ಮಕ್ಕೆ ಗಾಯವಾದರೆ ಅದು ವಾಸಿಯಾಗುತ್ತಾ ಕಪ್ಪಾಗುತ್ತದೆ. ಸೊಳ್ಳೆ ಕಚ್ಚಿದ್ದು, ಮೊಡವೆ ಒಡೆದದ್ದು, ಎಣ್ಣೆ ಸಿಡಿದದ್ದು, ಎಲ್ಲ ಹಾಗೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮಾಡುವ ಜೀವಕೋಶಗಳು ನಮ್ಮಲ್ಲಿ ಚುರುಕು. ಸ್ವಲ್ಪ ಉರಿಯಾದರೂ ಅವು ಬಣ್ಣ ಸುರಿಯುತ್ತವೆ. 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಅನ್ನುವುದರ ಮೇಲೆ ಒಂದು ವಿಂಗಡಣೆ ಮಾಡಿದರು. ಕಂದು, ಕಪ್ಪು ಚರ್ಮಗಳು ಅದಕ್ಕೆ ಸೇರಿದ್ದು ಆಮೇಲೆ. ಈಗ ಅದರಲ್ಲಿ ತೀರ ಬಿಳಿಯಿಂದ ತೀರ ಕಪ್ಪಿನ ತನಕ ಆರು ಬಗೆ. ನಮ್ಮಲ್ಲಿ ಬಹಳ ಜನ ನಾಲ್ಕು, ಐದರಲ್ಲಿ ಬರುತ್ತೇವೆ. ಅಕ್ಕ ಐದು. ಕ್ಲಿನಿಕ್ಕಿನ ಗೋಡೆಯ ಫೋಟೋದಲ್ಲಿದ್ದ ಹೆಂಗಸರು ಒಂದು, ಎರಡು. ಅವರ ಮುಖದ ಮೇಲೆ ನಡೆದ ಸೆಟ್ಟಿಂಗನ್ನು ಅಕ್ಕನ ಮುಖಕ್ಕೆ ಹಾಕಿದರೆ ಸುಕ್ಕು ಹೋಗಬಹುದು, ಆ ಜಾಗದಲ್ಲಿ ಕಪ್ಪು ಪಟ್ಟೆ ಉಳಿಯಬಹುದು. ಕಣ್ಣಿನ ಕೆಳಗೆ ಮೊದಲೇ ಕಪ್ಪಿದ್ದವರಿಗೆ ಅದು ಸಣ್ಣ ಮಾತಲ್ಲ.

ಡಾಕ್ಟರ್ ಹೇಳಿದ್ದು ಇಷ್ಟು. ಬೇಸಿಗೆ ಮುಗಿಯಲಿ. ಅಲ್ಲಿಯವರೆಗೆ ದಿನಾ ಸನ್‌ಸ್ಕ್ರೀನ್, ರಾತ್ರಿ ಒಂದು ಕ್ರೀಮ್. ಕಾಡಿಗೆ ಬೇಡ, ಕಣ್ಣು ಉಜ್ಜುವುದು ಬೇಡ. ಮೆಡಿಕಲ್ ಶಾಪಿನಿಂದ ತಾವೇ ತಂದ ಯಾವ ಕ್ರೀಮೂ ಬೇಡ. ಇದನ್ನು ಒತ್ತಿ ಹೇಳಿದರು. ಮುಖ ತಿಳಿಯಾಗಲಿ ಅಂತ ಸ್ಟೀರಾಯ್ಡ್ ಇರುವ ಕ್ರೀಮುಗಳನ್ನು ನಮ್ಮ ಜನ ವರ್ಷಗಟ್ಟಲೆ ಹಚ್ಚುತ್ತಾರೆ. ಅದು ಚರ್ಮವನ್ನು ಇನ್ನೂ ತೆಳು ಮಾಡುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿತು. ಆದರೂ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತವೆ. ಅಕ್ಕನ ಉಪಕೇಂದ್ರಕ್ಕೆ ಬರುತ್ತಿದ್ದ ಹುಡುಗಿಯರಲ್ಲಿ ಅದೆಷ್ಟು ಜನ ಕೆಂಪಾದ, ತೆಳುವಾದ ಕೆನ್ನೆ ಹೊತ್ತು ಬರುತ್ತಿದ್ದರೋ. ಬೆಳ್ಳಗಾಗಬೇಕು ಅನ್ನುವ ಆಸೆಯನ್ನು ನಮ್ಮ ಮೇಲೆ ಹೇರಿದವರು ಬಹಳ ಜನ. ಸುಕ್ಕಿನ ಲೇಸರನ್ನೂ ಎಷ್ಟೋ ಕಡೆ ಅದರ ಜೊತೆಗೇ ಗಂಟುಹಾಕಿ ಮಾರುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಅಕ್ಕನಿಗೆ ತನ್ನ ಬಣ್ಣ ತನಗೆ ಬೇಕಾಗಿತ್ತು. ಅದು ಕೆಡಬಾರದು ಅಂತಲೇ ಇಷ್ಟು ತಿಂಗಳು ಕಾದಿದ್ದು.

ಸನ್‌ಸ್ಕ್ರೀನ್ ವಿಷಯದಲ್ಲಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ಅದನ್ನು ಬೀಚಿಗೆ ಹೋಗುವವರ ವಸ್ತು ಅಂದುಕೊಂಡಿದ್ದೇವೆ. 2012ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಟ್ರಕ್ ಡ್ರೈವರ್ ಒಬ್ಬರ ಫೋಟೋ ಬಂತು. 28 ವರ್ಷ ಗಾಡಿ ಓಡಿಸಿದವರು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ. ಕಿಟಕಿಯ ಕಡೆಯ ಎಡಗೆನ್ನೆ ಆಳವಾಗಿ ಸುಕ್ಕಾಗಿ ಜೋತಿದೆ, ಬಲಗೆನ್ನೆ ಹತ್ತಾರು ವರ್ಷ ಚಿಕ್ಕವರದ್ದು ಅನಿಸುತ್ತದೆ. ಒಂದೇ ಮುಖ, ಒಂದೇ ವಯಸ್ಸು. ಅತಿನೇರಳೆಯಲ್ಲಿ ಒಂದು ಬಗೆಯಾದ ಯುವಿಎ ಕಿರಣ ಗಾಜಿನೊಳಗಿಂದಲೂ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ನೋಡಿಲ್ಲ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕೆ. ಬಸ್ ಡ್ರೈವರುಗಳ ಬಲಗೆನ್ನೆಯನ್ನು ಅದಾದಮೇಲೆ ನಾನು ಗಮನಿಸಿ ನೋಡುತ್ತೇನೆ.

ಕಂದು ಚರ್ಮಕ್ಕೆ ಇನ್ನೊಂದು ವಿಷಯ ಇದೆ. ನಮ್ಮನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬೇಕು. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಶಕ್ತಿಯ ಅಳತೆ, ಕನಿಷ್ಠ 30. ಮುಖ, ಕುತ್ತಿಗೆಗೆ ಸೇರಿ ಎರಡು ಬೆರಳುದ್ದ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಕಣ್ಣಿನ ಹತ್ತಿರ ಉರಿಯುತ್ತದೆ ಅನ್ನುವವರಿಗೆ ಜಿಂಕ್ ಆಕ್ಸೈಡ್ ಇರುವಂಥದ್ದು ವಾಸಿ. ಜೊತೆಗೆ ಅಗಲವಾದ ಕಪ್ಪು ಕನ್ನಡಕ. ಅದು ಬಿಸಿಲನ್ನೂ ತಡೆಯುತ್ತದೆ, ಕಣ್ಣು ಕಿರಿದಾಗುವುದನ್ನೂ ತಪ್ಪಿಸುತ್ತದೆ.

ಮಳೆ ಹಿಡಿದ ಮೇಲೆ ಕಿವಿಯ ಹಿಂದೆ ಒಂದು ಸಣ್ಣ ಜಾಗದಲ್ಲಿ ಲೇಸರ್ ಮಾಡಿ ನೋಡಿದರು. ಕೆಲವು ವಾರ ಕಾದರು. ಕಪ್ಪಾಗಲಿಲ್ಲ. ಆಮೇಲೆ ದಿನ ಗೊತ್ತುಮಾಡಿದರು. ಜ್ವರ ಬಂದಾಗ ತುಟಿಯ ಮೇಲೆ ನೀರುಗುಳ್ಳೆ ಏಳುತ್ತದೆಯೇ ಅಂತ ಕೇಳಿದ್ದರು. ಏಳುತ್ತದೆ ಅಂದಿದ್ದಕ್ಕೆ ಮುಂಚಿತವಾಗಿ ಅಸೈಕ್ಲೊವಿರ್ ಮಾತ್ರೆ ಶುರುಮಾಡಿಸಿದರು. ಆ ಗುಳ್ಳೆ ಏಳಿಸುವ ವೈರಸ್ ಒಳಗೆ ಮಲಗಿರುತ್ತದೆ, ಲೇಸರಿನ ಗಾಯಕ್ಕೆ ಎದ್ದರೆ ಮುಖವೆಲ್ಲ ಹರಡಬಹುದು.

ಅವತ್ತು ಮರಗಟ್ಟಿಸುವ ಕ್ರೀಮ್ ಹಚ್ಚಿ ಸುಮಾರು ಒಂದು ಗಂಟೆ ಕೂರಿಸಿದರು. ಮೂಗುತಿ ತೆಗೆಸಿದರು, ಬೆಳಕು ಲೋಹಕ್ಕೆ ತಾಗಿ ಚಿಮ್ಮಬಾರದು ಅಂತ. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ರೆಪ್ಪೆಯ ಒಳಗೆ ಲೋಹದ ಪುಟ್ಟ ಕವಚ ಇಟ್ಟರು. ಇದನ್ನು ಓದಿ ನಿಮಗೆ ಮೈ ಜುಂ ಅನ್ನಬಹುದು. ನನಗೂ ಅನಿಸಿತು. ಆದರೆ ರೆಪ್ಪೆಯ ಅಂಚಿನವರೆಗೆ ಲೇಸರ್ ಹೋಗುವಾಗ ಹೊರಗೆ ಕಟ್ಟುವ ಗಾಗಲ್ಸ್ ಸಾಲುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರ್ ಮೊದಲು ತಾಗುವುದೇ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ. ಕೋಣೆಯಲ್ಲಿದ್ದವರೆಲ್ಲ ಕನ್ನಡಕ ಹಾಕಿಕೊಂಡರು. ಹೊಗೆ ಎಳೆಯುವ ಕೊಳವೆ ಇಟ್ಟರು. ಸಣ್ಣಗೆ ಕೂದಲು ಸುಟ್ಟ ವಾಸನೆ. ಲೇಸರ್ ಮುಗಿದಾಗ ಅಕ್ಕ ಹೇಳಿದ್ದು, "ಸೂಜಿ ಚುಚ್ಚಿದ ಹಾಗೆ, ಆದ್ರೆ ಬಿಸಿ ಸೂಜಿ."

ನಮ್ಮ ಡಾಕ್ಟರ್ ಚುಕ್ಕೆಗಳನ್ನು ದೂರ ದೂರ ಇಟ್ಟಿದ್ದರು. ಕಂದು ಚರ್ಮದಲ್ಲಿ ಲೇಸರಿನ ಜೋರಿಗಿಂತಲೂ ಚುಕ್ಕೆಗಳ ದಟ್ಟಣೆಯೇ ಕಪ್ಪಾಗಲು ಹೆಚ್ಚು ಕಾರಣವಂತೆ. ಒಂದೇ ಸಲಕ್ಕೆ ಜಾಸ್ತಿ ಮಾಡುವುದಕ್ಕಿಂತ ಕಡಿಮೆ ಮಾಡಿ, ಬಿಡುವು ಕೊಟ್ಟು, ಬೇಕಾದರೆ ಮತ್ತೆ ಮಾಡುವುದು. ನನಗೆ ಈಗ ನಂಬಿಕೆ ಇರುವುದು ಈ ದಾರಿಯಲ್ಲೇ. ಒಂದೇ ಸಿಟ್ಟಿಂಗ್ ಅನ್ನುವ ಮಾತು ನಮ್ಮ ಚರ್ಮಕ್ಕೆ ಬರೆದದ್ದಲ್ಲ.

ಇನ್ನು ಊತದ ವಿಷಯ. ಮಾರನೆಯ ದಿನ, ಅದರ ಮಾರನೆಯ ದಿನ ಅಕ್ಕನ ಮುಖ ಗುರುತು ಸಿಗದ ಹಾಗಿತ್ತು. ಬೆಳಗ್ಗೆ ಏಳುವಾಗ ಕಣ್ಣು ಸೀಳಾಗಿ ತೆರೆಯುತ್ತಿತ್ತು. ತಲೆ ಎತ್ತರಕ್ಕೆ ಇಟ್ಟು ಮಲಗು ಅಂದಿದ್ದರು. ಅವಳು ಎರಡು ದಿಂಬು ಹಾಕಿ ಒರಗಿಯೇ ಮಲಗಿದಳು. ಚುಕ್ಕೆಗಳು ಕಂದಾಗಿ, ಕೈಗೆ ಮರಳು ಕಾಗದದ ಹಾಗೆ ಒರಟಾದವು. ಅತ್ತಿಗೆ ಅರಿಶಿನ ಹಚ್ಚೋಣ ಅಂದರು, ಪಕ್ಕದ ಮನೆಯವರು ಲೋಳೆಸರ ತಂದುಕೊಟ್ಟರು. ಅಕ್ಕ ಎಲ್ಲರಿಗೂ ನಮಸ್ಕಾರ ಹೇಳಿ ತನ್ನದೇ ಡ್ರೆಸ್ಸಿಂಗ್ ಮಾಡಿಕೊಂಡಳು. ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ಒತ್ತುವುದು, ದಪ್ಪಗೆ ವ್ಯಾಸಲೀನ್ ಹಚ್ಚುವುದು, ಅಷ್ಟೇ. ಹಕ್ಕಳೆ ಕೀಳಲಿಲ್ಲ. ಜೀವಮಾನವಿಡೀ ಊರ ಜನರ ಗಾಯ ತೊಳೆದು ಕಟ್ಟಿದ ಕೈ ಅದು. ತನ್ನ ಗಾಯಕ್ಕೂ ಅಷ್ಟೇ ಶಿಸ್ತು ಕೊಟ್ಟಿತು. ಅವಳು ಅಷ್ಟು ಗಮನ ಕೊಟ್ಟು ತನ್ನನ್ನು ತಾನು ನೋಡಿಕೊಂಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೆರಿಗೆಯ ರಜೆಯಲ್ಲೂ ಇಲ್ಲ, ಗರ್ಭಕೋಶದ ಆಪರೇಷನ್ ಆದಾಗಲೂ ಇಲ್ಲ.

ವಾರದೊಳಗೆ ಒರಟು ಉದುರಿ ಒಳಗಿಂದ ಕೆಂಚಗಿನ ಚರ್ಮ ಬಂತು. ಎಲ್ಲರೂ ಮುಗಿಯಿತು ಅಂದುಕೊಂಡರು. ಡಾಕ್ಟರ್ ಮಾತ್ರ, "ಮುಂದಿನ ತಿಂಗಳು ನೋಡಿ ಹೇಳ್ತೀನಿ" ಅಂದರು. ಅವರು ಅಂದದ್ದು ಸರಿ. ಗಾಯ ಮಾಯ್ದ ಮೂರು ನಾಲ್ಕು ವಾರಕ್ಕೆ ಕಪ್ಪು ಬರುವುದು ವಾಡಿಕೆ. ಅಕ್ಕನ ಎಡಗಣ್ಣಿನ ಕೆಳಗೆ ತಿಳಿಕಂದು ಛಾಯೆ ಬಂದೇ ಬಂತು. ಅವಳಿಗೆ ಬೇಜಾರಾಯಿತು. ಆ ದಿನಗಳಲ್ಲಿ ಕನ್ನಡಿಯ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಿದ್ದಳು, ಮಾತು ಕಡಿಮೆಯಾಗಿತ್ತು. ಡಾಕ್ಟರ್ ಬಣ್ಣ ತಗ್ಗಿಸುವ ಕ್ರೀಮ್ ಕೊಟ್ಟರು, ಬಿಸಿಲಿನಿಂದ ದೂರ ಇರಿ ಅಂದರು. ತಿಂಗಳುಗಳು ಹಿಡಿದವು. ನಿಧಾನಕ್ಕೆ ಇಳಿಯಿತು. ಮೊದಲೇ ಹೇಳಿದ್ದರಿಂದ ತಡೆದುಕೊಂಡಳು. ಹೇಳದೇ ಇದ್ದಿದ್ದರೆ ಹೆದರಿ ಯಾವ್ಯಾವುದೋ ಹಚ್ಚಿ ಇನ್ನಷ್ಟು ಕೆಡಿಸಿಕೊಳ್ಳುವ ಸಾಧ್ಯತೆ ಇತ್ತು.

ಈಗ ಹೇಗಿದೆ ಅಂದರೆ, ಸಣ್ಣ ಸಣ್ಣ ಗೆರೆಗಳು, ಅಂದರೆ ಕ್ರೇಪ್ ಬಟ್ಟೆಯಲ್ಲಿ ಕಾಣುವಂಥವು, ಬಹಳಷ್ಟು ತಿಳಿಯಾಗಿವೆ. ಆಳವಾದ ಎರಡು ಗೆರೆ ಇವೆ, ಮೆತ್ತಗಾಗಿವೆ. ನಕ್ಕರೆ ಎಲ್ಲ ಬರುತ್ತವೆ. ಬರಲಿ. ಮೊದಲಿದ್ದ ಕಪ್ಪು ಮೊದಲಿದ್ದಷ್ಟೇ ಇದೆ. ಇದನ್ನೂ ಡಾಕ್ಟರ್ ಮುಂಚೆಯೇ ಹೇಳಿದ್ದರು. ಸುಸ್ತಾಗಿದೀರಾ ಅಂತ ಕೇಳುವವರು ಕಡಿಮೆಯಾಗಿದ್ದಾರೆ.

ಖರ್ಚಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಊರು, ಡಾಕ್ಟರ್, ಮಷೀನು ನೋಡಿ ಬಹಳ ವ್ಯತ್ಯಾಸ ಇದೆ. ಗೊತ್ತಿರಬೇಕಾದ್ದು ಏನೆಂದರೆ, ಇದು ಅಂದಕ್ಕಾಗಿ ಮಾಡಿಸುವ ಚಿಕಿತ್ಸೆ. ಹಾಗಾಗಿ ಆರೋಗ್ಯ ವಿಮೆ ಕೊಡುವುದಿಲ್ಲ, ಬಿಲ್ಲಿನ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಒಂದು ಸಿಟ್ಟಿಂಗಿನ ದರ ಕೇಳಿ ಸುಮ್ಮನಾಗಬೇಡಿ. ಆಮೇಲಿನ ಕ್ರೀಮು, ತಿಂಗಳುಗಟ್ಟಲೆ ಸನ್‌ಸ್ಕ್ರೀನ್, ಮತ್ತೆ ಮತ್ತೆ ತೋರಿಸಲು ಹೋಗುವುದು, ಇವನ್ನೂ ಸೇರಿಸಿ. ಮನೆಯಿಂದ ಹೊರಗೆ ಹೋಗದೆ ಇರಲು ರಜೆ ಇದೆಯೇ ಅಂತಲೂ ನೋಡಿ. ಬಿಸಿಲಿನಲ್ಲೇ ದುಡಿಯುವವರಿಗೆ ಆ ರಜೆ ಇರುವುದಿಲ್ಲ. ಸರ್ವಿಸಿನಲ್ಲಿ ಇರುವಾಗ ಅಕ್ಕನೂ ಇದನ್ನು ಮಾಡಿಸಿಕೊಳ್ಳಲು ಆಗುತ್ತಿರಲಿಲ್ಲ. ದುಡ್ಡಿದ್ದರೂ ಆಗುತ್ತಿರಲಿಲ್ಲ.

ಈಗ ಅವಳ ಹಳೆಯ ಜೊತೆಗಾರರು, ಆಶಾ ಕಾರ್ಯಕರ್ತೆಯರು ಫೋನ್ ಮಾಡುತ್ತಾರೆ. "ಎಲ್ಲಿ ಮಾಡಿಸಿದ್ರಿ ಅಕ್ಕಾ, ನಂಬರ್ ಕೊಡಿ." ಅಕ್ಕ ನಂಬರ್ ಆಮೇಲೆ ಕೊಡುತ್ತಾಳೆ. ಮೊದಲು ಸನ್‌ಸ್ಕ್ರೀನ್, ಕಪ್ಪು ಕನ್ನಡಕ, ಕೊಡೆ. "ಇನ್ನೂ ಬಿಸಿಲಲ್ಲಿ ಓಡಾಡ್ತಿರೋರು ಲೇಸರ್ ಮಾಡಿಸಿ ಏನು ಪ್ರಯೋಜನ? ಚರ್ಮ ಮತ್ತೆ ಅಲ್ಲಿಗೇ ಬರುತ್ತೆ" ಅಂತ ನೇರವಾಗಿ ಹೇಳುತ್ತಾಳೆ. ಸನ್‌ಸ್ಕ್ರೀನಿನ ಬೆಲೆ ಕೇಳಿ ಆ ಕಡೆಯವರು ಸುಮ್ಮನಾಗುತ್ತಾರೆ. ದಿನಕ್ಕೆ ಎರಡು ಸಲ ಹಚ್ಚಿದರೆ ಒಂದು ಟ್ಯೂಬು ತಿಂಗಳು ಬರುವುದಿಲ್ಲ, ಅವರ ಕೈಗೆ ಬರುವ ಗೌರವಧನದಲ್ಲಿ ಅದು ಸಣ್ಣ ಮೊತ್ತವೇನಲ್ಲ. ಬಿಸಿಲಲ್ಲಿ ಮನೆಮನೆಗೆ ಕಳಿಸುವ ಹೆಂಗಸರಿಗೆ ಸೀರೆ, ಬ್ಯಾಗು, ರಿಜಿಸ್ಟರು ಕೊಡುವ ಹಾಗೆ ಒಂದು ಒಳ್ಳೆಯ ಕೊಡೆ, ಒಂದು ಕನ್ನಡಕ, ತಿಂಗಳಿಗೊಂದು ಟ್ಯೂಬು ಯಾಕೆ ಕೊಡಬಾರದು? ಇದು ಶೋಕಿಯ ಮಾತಲ್ಲ. ಅದೇ ಬಿಸಿಲು ಕಣ್ಣಿನ ಪೊರೆಯನ್ನೂ ಬೇಗ ತರುತ್ತದೆ. ಕೇಳಿಕೊಂಡು ಒಂದು ಅರ್ಜಿ ಬರೆಯುತ್ತಿದ್ದೇವೆ. ಕರಡು ಅಕ್ಕನದೇ. ನಾನು ಕಾಗುಣಿತ ತಿದ್ದುತ್ತಿದ್ದೇನೆ. ಸಹಿ ಹಾಕಲು ಸಿರುಗುಪ್ಪದ ಕಡೆಯವರು ಆಗಲೇ ಒಪ್ಪಿದ್ದಾರೆ.